ಹತ್ತು ಮಿನಿಟಿನ ಕೋಟು

ಮಾಬ್ಲಣ್ಣ ಉಣ್ಣೆಯ ಕೋಟು ತೊಡುತ್ತಿದ್ದುದು ವಾರಕ್ಕೆ ಹತ್ತೇ ಮಿನಿಟು. ಅದೂ ಪುಷ್ಯಮಾಸದ ಬೆಳಗಿನಲ್ಲಿ, ಅಂಗಳದಲ್ಲಿ ನಿಲ್ಲಿಸಿದ ಕಾರಿನೊಳಗೆ, ಗಾಜುಗಳನ್ನೆಲ್ಲ ಏರಿಸಿ, ತಂಪಿನ ಮಶೀನು ಹಚ್ಚಿಕೊಂಡು, ತಪಸ್ಸಿಗೆ ಕುಳಿತ ಮುನಿಯಂತೆ ನಡುಗುತ್ತ. ಹಾಲು ತರುವ ಬಂಗಾರಿ ಸೆರಗು ಹೊದ್ದು ನಗುತ್ತಿದ್ದಳು: "ಹೊರಗಿನ ಚಳಿ ಸಾಲ್ದು ಅಂತ ಒಳಗೂ ಮಾಡ್ಕಂಡ್ಯಾ?"

"ಹೊರಗಿಂದು ದೇವ್ರ ಚಳಿ, ಮಾರಾಯ್ತಿ. ಇದು ಸಾಹೇಬ್ರದ್ದು. ನಾನೇ ಕಾಯ್ಬೇಕು."

ಕಾರು, ಮುಂಬಯಿಯಲ್ಲಿ ವ್ಯಾಪಾರವಿದ್ದ ಭಟ್ಕಳದ ಸಾಹೇಬರದು. ಮಾಬ್ಲಣ್ಣ ಅದರ ಡ್ರೈವರು, ಕಾಲ್ನಡಿಗೆಯಲ್ಲೂ ತಿರುವಿನಲ್ಲಿ ಕೈಚಾಚಿ ಸೂಚನೆ ಕೊಡುವ ಆಸಾಮಿ. ನಾನು ಆ ಅಂಗಳದಂಚಿನ ಕೋಣೆಯ ಬಾಡಿಗೆದಾರ, ಮೋಟಾರು ಕಚೇರಿಯ ಕಾರಕೂನ. ಮೆಟ್ರಿಕ್ಕಿನ ಇಂಗ್ಲಿಷನ್ನು ಜೇಬಿನ ಪೆನ್ನಿನಂತೆ ಎಲ್ಲರಿಗೂ ಕಾಣುವ ಹಾಗೆ ಧರಿಸಿದವನು. ಅರವತ್ಮೂರರ ಚಳಿಗಾಲದಲ್ಲಿ ಕಾರಿನ ಪುಸ್ತಕದ ಎರಡು ಪುಟ ಓದಿ, ಮಶೀನಿಗೆ ಬೇಸಿಗೆಯವರೆಗೆ ವಿಶ್ರಾಂತಿ ಕೊಡಬೇಕೆಂದು ತೀರ್ಪಿತ್ತೆ.

"ಓಡ್ಸದೆ ಇದ್ರೆ ಎಣ್ಣೆ ಹರಿಯೂದಿಲ್ಲ, ರಬ್ಬರು ಒಣಗಿ ಗ್ಯಾಸು ಸೋರ್ತದೆ ಅಂದಿದ್ದ, ಮುಂಬಯಿ ಫಿಟ್ಟರು," ಎಂದು ಮಾಬ್ಲಣ್ಣ ತಲೆ ಕೆರೆದುಕೊಂಡ. ಆಮೇಲೆ, "ಓದ್ದವ್ರು ಹೇಳ್ತ್ರಿ. ಆತು," ಎಂದು ಕೋಟನ್ನು ಗೂಟಕ್ಕೆ ಹಾಕಿದ.

ಚೈತ್ರದಲ್ಲಿ ಸಾಹೇಬರು ಉಬ್ಬಸದ ತಾಯಿಯನ್ನು ಕುಮಟೆಯ ಡಾಕ್ಟರರಲ್ಲಿಗೆ ಕರೆದೊಯ್ದರು. ಧಾರೇಶ್ವರದ ಮನೆಗೆ ಹೊರಟ ನಾನು ಮುಂದಿನ ಸೀಟಿನಲ್ಲಿ. ಶರಾವತಿಯ ದಡದಲ್ಲಿ, ಕಾರು ದಾಟಿಸುವ ಜಂಗಲ್ ದೋಣಿಗೆ ಕಾಯುತ್ತ ನಿಂತಾಗ, ಮಶೀನು ಉಗುಳಿದ್ದು ಬರೀ ಬಿಸಿಗಾಳಿ. ಮುದುಕಿಯ ಏದುಸಿರಿನ ನಡುವೆ ಸಾಹೇಬರು ಮೆಲ್ಲಗೆ ಹೇಳಿದರು: "ಮುಂದಿನ ವರ್ಷವೂ ಹೀಗಾದ್ರೆ ಗಾಡಿ ಮುಂಬಯಿಗೆ ಕಳಿಸ್ತೇನೆ, ಮಾಬ್ಲಾ." ಗಾಡಿ ಹೋದರೆ ಅವನ ಅನ್ನವೂ ಹೋದಂತೆ.

"ನಂದೇ ತಪ್ಪು ಸಾಹೇಬ್ರೆ. ಚಳೀಲಿ ಓಡ್ಸ್ಲಿಲ್ಲ."

ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನೋ, ನದಿಯ ಸೌಂದರ್ಯವನ್ನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ಈಕ್ಷಿಸಿರಲಿಲ್ಲ.

ಮುಂಬಯಿಯಿಂದ ಫಿಟ್ಟರು ಬಂದು ರಬ್ಬರು ಬದಲಿಸಿ, ಗ್ಯಾಸು ತುಂಬಿಸಿ ಹೋದ. ಮುಂದಿನ ಪುಷ್ಯದಲ್ಲಿ ಮಾಬ್ಲಣ್ಣ ನನ್ನ ಬಾಗಿಲು ತಟ್ಟಿದ: "ಕಾರಕೂನ್ರೆ, ಬನ್ನಿ. ಗಡಿಯಾರ ನೋಡೂದು ನಿಮ್ಮ ಕೆಲಸ." ಐದನೆಯ ಮಿನಿಟಿಗೆ ನನ್ನ ಹಲ್ಲು ಕಟಕಟಿಸಿತು. ಮಾಬ್ಲಣ್ಣ ತನ್ನ ಕೋಟು ಕಳಚಿ ನನ್ನ ಹೆಗಲಿಗೆ ಹೊದಿಸಿದ.

ಆ ಚೈತ್ರದಲ್ಲಿ, ಅದೇ ದಡದಲ್ಲಿ, ನಾನು ಮತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದಾಗ, ಮುದುಕಿ ಶಾಲು ಬಿಗಿದುಕೊಂಡು ತಮ್ಮ ನವಾಯತಿ ಭಾಷೆಯಲ್ಲಿ ಗದರಿದರು. ಸಾಹೇಬರು ನಗುತ್ತ ತಿಳಿಸಿದರು: "ಅಮ್ಮನಿಗೆ ಚಳಿಯಂತೆ. ಕಮ್ಮಿ ಮಾಡೋ." ಮಾಬ್ಲಣ್ಣ ಗುಂಡಿ ತಿರುಗಿಸಿದ, ಅಷ್ಟೆ.

ನಾನು ಕುಮಟೆಗೆ ವರ್ಗವಾಗಿ ಬಂದ ಮೇಲೂ, ಪುಷ್ಯದ ಬೆಳಗುಗಳಲ್ಲಿ ಆ ಕೋಟಿನ ನಶ್ಯ-ಪೆಟ್ರೋಲುಗಳ ವಾಸನೆ ನೆನಪಾಗುತ್ತದೆ. ಬೇಸಿಗೆಯಲ್ಲಿ ತಂಪು ಬೇಡುವವರು ಲೋಕದ ತುಂಬ ಇದ್ದಾರೆ. ಆ ತಂಪಿಗಾಗಿ, ಅದು ಯಾರಿಗೂ ಬೇಡದ ಕಾಲದಲ್ಲಿ, ನಗೆಪಾಟಲಾಗಿ ನಡುಗುವವರು ವಿರಳ. ಅಂಥವರು ಋತು ಬಂದಾಗ ಸ್ಟೇರಿಂಗಿನ ಹಿಂದೆ ಮರೆಯಾಗಿರುತ್ತಾರೆ; ಗಾಳಿಗೆ ಮುಖವೊಡ್ಡಿ ಮುಂದಿನ ಸೀಟಿನಲ್ಲಿ ಕೂತಿರುವುದು ನಮ್ಮಂಥ ಓದಿದವರು.