ಹೊಂಬಾಳಮ್ಮನ ಫೋಲ್ಡರು

ತುಮಕೂರಿನ ಸದಾಶಿವನಗರದಲ್ಲಿರುವ ನಮ್ಮ ಜನಪದ ಹಾಡುಗಳ ಸಂಗ್ರಹ ಕೇಂದ್ರದಲ್ಲಿ ವೆಂಕಟರಂಗಯ್ಯ ಸರ್ ಹೇಳಿದ್ದೇ ಶಾಸನ. "ಎಲ್ಲಾ ಹಾಡೂ ಒಂದೇ ಫೋಲ್ಡರಿಗೆ ಹಾಕಮ್ಮ ಭೂಮಿಕಾ. ಗೂಡೊಳಗೆ ಗೂಡು ಕಟ್ಬೇಡ." ಮೂಗಿನಿಂದ ಬರುವ ಈ ದನಿಯನ್ನು ಊಟದ ಹೊತ್ತಿನಲ್ಲಿ ನಾನು ಅವರಿಗಿಂತ ಚೆನ್ನಾಗಿ ಆಡಿ ತೋರಿಸುತ್ತೇನೆ. ಮಾತು ಮಾತ್ರ ಕೇಳುವುದಿಲ್ಲ.

ಕೇಳಿದರೆ ಕೆಟ್ಟೆವು. ನಮ್ಮ ರೆಕಾರ್ಡರು ಪ್ರತಿ ಊರಲ್ಲೂ ಮೊದಲ ಹಾಡಿಗೆ 001 ಎಂದೇ ಹೆಸರಿಡುತ್ತದೆ. ಗುಬ್ಬಿಯ 001 ಇರುವ ಕಡೆಗೆ ಕುಣಿಗಲ್ಲಿನ 001 ಬಂದರೆ ಹಳೆಯದು ಮಾಯ. ಹಾಗಾಗಿ ಲಿನಕ್ಸಿನ ಕಪ್ಪು ಪರದೆಯಲ್ಲಿ ಎರಡು ಸಾಲು ಕುಟ್ಟಿದೆ:

mkdir -p gubbi/hagalavadi/hombalamma
cp card/* gubbi/hagalavadi/hombalamma/

ತಾಲ್ಲೂಕು, ಅದರೊಳಗೆ ಊರು, ಅದರೊಳಗೆ ಹಾಡಿದವರ ಹೆಸರು. ಮೊದಲ ಸಾಲು ಮೂರನ್ನೂ ಒಂದೇ ಏಟಿಗೆ ಕಟ್ಟುತ್ತದೆ, ಎರಡನೆಯದು ರೆಕಾರ್ಡರಿನ ಕಾರ್ಡಿನಲ್ಲಿರುವ ಹಾಡಿನ ಸಾಮಾನನ್ನೆಲ್ಲ ಅಲ್ಲಿ ಇಳಿಸುತ್ತದೆ. ಈ cp ಮಹಾಶಯ ಮನೆಯೇ ಇಲ್ಲದ ಕಡೆ ಮೂಟೆ ಇಳಿಸುವವನಲ್ಲ.

ಸರ್ ನೋಡಿಬಿಟ್ಟರು. "ಇದೇನಿದು ಪಾತಾಳ? ಅಳಿಸು. ಇನ್ನೊಂದ್ಸಲ ಕಂಡ್ರೆ ಕೆಲಸಕ್ಕೆ ಬರ್ಬೇಡ."

"ಆಯ್ತು ಸರ್" ಎಂದೆ. ಅಳಿಸಲಿಲ್ಲ.

ನಾನು ರಜೆ ಹಾಕಿದ ದಿನ ಸರ್ ತಾವೇ ಮೌಸ್ ಹಿಡಿದು ಎಲ್ಲ ಕಾರ್ಡುಗಳನ್ನೂ ಒಂದೇ ಫೋಲ್ಡರಿಗೆ ಸುರಿದರು. ಹಳೆಯದರ ಮೇಲೇ ಹಾಕಲೇ ಎಂದು ಕಂಪ್ಯೂಟರು ಕೇಳಿದಾಗಲೆಲ್ಲ ಹೂಂ ಅಂದರು. ಕಾರ್ಡುಗಳನ್ನೂ ಖಾಲಿ ಮಾಡಿದರು.

ತಿಂಗಳಾದ ಮೇಲೆ ಹಾಗಲವಾಡಿಯಿಂದ ರೇವಮ್ಮ ಬಂದರು. ಅವರೂ ಅಕ್ಕ ಹೊಂಬಾಳಮ್ಮನೂ ನಮಗಾಗಿ ಸೋಬಾನೆ ಹಾಡಿದ್ದರು: ಅಕ್ಕ ಎತ್ತಿಕೊಡುವುದು, ತಂಗಿ ಹಿಂದೆ ಹೇಳುವುದು. ಅಕ್ಕ ತೀರಿಕೊಂಡು ಹದಿನೈದು ದಿನವಾಗಿತ್ತು.

"ಅವ್ಳ ದನಿ ಒಂದ್ಸಲ ಕೇಳುಸ್ರಪ್ಪ."

ಸರ್ 001 ಒತ್ತಿದರು. ಕುಣಿಗಲ್ ಕಡೆಯ ಕೆಂಪಯ್ಯನ ಗಂಟಲು ಗುಡುಗಿತು.

"ನಮ್ಮಕ್ಕಂಗೆ ಯಾವಾಗಪ್ಪಾ ಮೀಸೆ ಬಂತು?" ಎಂದರು ರೇವಮ್ಮ. ನಗುತ್ತಿರಲಿಲ್ಲ.

ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಎಲ್ಲಾರ್ನೂ ಮಿಮಿಕ್ರಿ ಮಾಡ್ತೀಯಂತಲ್ಲ? ಅಜ್ಜಿ ಟೀ ಕುಡಿಯೋದ್ರೊಳಗೆ ಒಳಗಡೆ ಕೂತು ಅವ್ರಕ್ಕನ ಥರ ನಾಲ್ಕು ಸಾಲು ಹಾಡಿ ರೆಕಾರ್ಡ್ ಮಾಡ್ಬಿಡು. ನಿನ್ ಕೆಲಸ ಪರ್ಮನೆಂಟ್ ಮಾಡಿಸ್ತೀನಿ."

ಹಾಡಬಲ್ಲೆ. ಸಾಲಿನ ಕೊನೆಯ ಎಳೆತ, ನಡುವೆ ಎಲೆಅಡಿಕೆ ದವಡೆಗೆ ಸರಿಸುವ ಸದ್ದು, ಎಲ್ಲ ನನಗೆ ಬಾಯಿಪಾಠ.

"ನಿಮ್ ಥರ ಬೇಕಾದ್ರೆ ಮಾತಾಡ್ತೀನಿ ಸರ್. ಹೊಂಬಾಳಮ್ಮನ ಥರ ಹಾಡಲ್ಲ."

ಅವರೆದುರಿಗೇ ಕಪ್ಪು ಪರದೆ ತೆರೆದೆ. ಗುಬ್ಬಿಯೊಳಗೆ ಹಾಗಲವಾಡಿ, ಹಾಗಲವಾಡಿಯೊಳಗೆ ಹೊಂಬಾಳಮ್ಮ. ಅಕ್ಕ ಮೊದಲ ಸಾಲು ಎತ್ತಿಕೊಟ್ಟರು. ರೆಕಾರ್ಡಿನೊಳಗಿನ ರೇವಮ್ಮ ಬಾಯಿ ತೆರೆಯುವ ಮೊದಲೇ ಕುರ್ಚಿಯ ಮೇಲಿನ ರೇವಮ್ಮ ಹಿಂದೆ ಹೇಳಿಬಿಟ್ಟರು. ಟೀ ಆರಿಹೋಯಿತು.

"ಅಳಿಸು ಅಂದಿದ್ನಲ್ಲ?" ಸರ್ ಹಲ್ಲು ಕಚ್ಚಿದರು.

"ಅಂದಿದ್ರಿ."

"ಕೆಲಸದಿಂದ ತೆಗೆದಾಕ್ತೀನಿ!"

"ಏನಯ್ಯಾ, ಮೆತ್ತಗೆ!" ರೇವಮ್ಮ ಗದರಿದರು. "ಅಕ್ಕ ಹಾಡ್ತಾವ್ಳೆ, ಕೇಳಕಿಲ್ವಾ?"

ನಾನು ಸರ್ ಕಡೆಗೆ ಬಾಗಿದೆ. "ಐದು ನಿಮಿಷ ಬಿಟ್ಟು ಕೆಲಸದಿಂದ ತೆಗೀರಿ ಸರ್" ಎಂದು ಅವರದೇ ಮೂಗಿನ ದನಿಯಲ್ಲಿ ಪಿಸುಗುಟ್ಟಿ, ಕೀಬೋರ್ಡು ಎಳೆದುಕೊಂಡೆ. ಕೆಂಪಯ್ಯ ಪಾಪ ಇನ್ನೂ ಮನೆಯಿಲ್ಲದೆ ಬೀದಿಯಲ್ಲೇ ನಿಂತಿದ್ದ.

mkdir -p kunigal/huliyurdurga/kempayya