ಮೂವತ್ತೊಂದನೆಯ ಚೀಲ

"ಏ ಜೋಲುಗೈ, ಕೆರೀತಿದೀಯೋ ಕಿಟಕಿಗೆ ಮುದ್ದು ಮಾಡ್ತಿದೀಯೋ? ಸಂಜೆಯೊಳಗೆ ಈ ಸಾಲು ಮುಗೀದಿದ್ರೆ ಆ ಸತ್ತ ಕೈ ಕಿತ್ತು ನಿನ್ನ ತಂಗಿಗೆ ಕೊಡ್ತೀನಿ, ಮುಂಡೇದೇ."

ಮೇಸ್ತ್ರಿಯ ಮಾತಿಗೆ ಅಕ್ಕ ತಿರುಗಿಯೂ ನೋಡಲಿಲ್ಲ. ಹನ್ನೊಂದು ವರ್ಷ ಹಳೇ ಕಟ್ಟಡಗಳ ಬಣ್ಣ ಕೆರೆದ ಅವಳ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದು ಮೂರು ತಿಂಗಳಾಗಿತ್ತು. ಈಗ ಈ ಕಚೇರಿಯ ಹಸಿರು ಕಿಟಕಿಗಳನ್ನು ಎಡಗೈಯಲ್ಲಿ ಕೆರೆಯುತ್ತಿದ್ದಳು. ಏನು ಕೆಲಸ ಎಂದೂ ಕೇಳದೆ ಡಾಕ್ಟರು ನರದ ನಿಶ್ಶಕ್ತಿ ಎಂದು ಮಾತ್ರೆ ಬರೆದಿದ್ದರು. ಜೊತೆಗೇ ಕೆರೆಯುವ ಕೆಲಸಕ್ಕೆ ಬರುತ್ತಿದ್ದ ತಂಗಿಗೆ ಮಾತ್ರ ಅನುಮಾನ. ಹಳೇ ಬಣ್ಣದಲ್ಲಿ ಸೀಸವಿರುತ್ತದೆ, ಅದು ನರಗಳನ್ನು ತಿನ್ನುತ್ತದೆ ಎಂದು ಅವಳು ಸಂಜೆ ಶಾಲೆಯ ಪುಸ್ತಕದಲ್ಲಿ ಓದಿದ್ದಳು. ತಪ್ಪಾಗಿ ಓದಿದೆನೇನೋ ಎಂದು ಮತ್ತೆ ಓದಿದ್ದಳು.

ಅವಳ ಆ ನಾಲ್ಕಕ್ಷರವೇ ಮೇಸ್ತ್ರಿಗೆ ಬೇಕಾಯಿತು. ಕೆರೆದ ಬಣ್ಣವನ್ನು ಎಸೆಯುವ ಮೊದಲು ಸೀಸದ ಪರೀಕ್ಷೆ ಆಗಲೇಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಹೋದ ವರ್ಷವಷ್ಟೇ ಬಳಿದ ಹಿಂದಿನ ಗೋಡೆಯನ್ನು ಕೆರೆದು ಒಂದು ಪೊಟ್ಟಣ ಕಟ್ಟು, ಅದೂ ಹಸಿರೇ, ಸೀಸ ಮಾತ್ರ ಇರಲ್ಲ, ಮೇಲೆ 'ಕಿಟಕಿಗಳ ಹಳೆ ಬಣ್ಣ, ಮೂವತ್ತು ಚೀಲ' ಎಂದು ದುಂಡಗೆ ಬರಿ ಎಂದ.

ತಂಗಿ ದುಂಡಗೇ ಬರೆದಳು. ಒಳಗೆ ತುಂಬಿದ್ದು ಮಾತ್ರ ಅಕ್ಕನ ತಲೆವಸ್ತ್ರ ಕೊಡವಿದಾಗ ಉದುರಿದ ಹಳೆ ಬಣ್ಣದ ಚಕ್ಕೆಗಳನ್ನು. ಅರ್ಧ ನೆಲಕ್ಕೆ ಬಿತ್ತು. ಅದನ್ನೂ ಬಾಚಿ ಹಾಕಿದಳು. ಸೀಸ ಇದೆಯೆಂದು ಕಾಗದದ ಮೇಲೆ ಬಂದರೆ ಅಕ್ಕನನ್ನು ಯಾರಾದರೂ ದೊಡ್ಡಾಸ್ಪತ್ರೆಗೆ ಸೇರಿಸಲೇಬೇಕಲ್ಲ?

ಒಂಬತ್ತನೆಯ ದಿನ ಪರೀಕ್ಷೆಯ ಕಾಗದ ಬಂತು. ಸೀಸ ಮಿತಿಗಿಂತ ನಲವತ್ತು ಪಟ್ಟು. ಮೇಸ್ತ್ರಿ ತಂಗಿಯ ಜುಟ್ಟಿಗೆ ಕೈ ಹಾಕಲು ಬಂದವನು ಹಿಂದೆ ನಿಂತ ಕಚೇರಿಯ ಎಂಜಿನಿಯರನ್ನು ಕಂಡು ಕೈ ತಡೆದುಕೊಂಡ. ಎಂಜಿನಿಯರ್ ಮೂಗಿಗೆ ಕರವಸ್ತ್ರ ಹಿಡಿದು, ಕೆಲಸ ಬಂದ್, ಎಲ್ಲರೂ ಹೊರಗೆ ನಡೀರಿ ಎಂದ. ತಂಗಿ ಅಕ್ಕನ ಕೈ ಎತ್ತಿ ಅವನಿಗೆ ತೋರಿಸಿದಳು. ಬಿಟ್ಟೊಡನೆ ಅದು ಕತ್ತು ಮುರಿದ ಕೋಳಿಯ ಹಾಗೆ ಜೋತುಬಿತ್ತು.

"ಪರೀಕ್ಷೆ ಮಾಡಿರೋದು ಕಸಾನ ಕಣಮ್ಮ, ಇವಳನ್ನಲ್ಲ. ಇವಳ ಕೈ ಮೊದಲಿಂದ್ಲೂ ಹೀಗೇ ಇತ್ತೋ ಏನೋ, ನಾನು ಕಂಡಿದೀನಾ?" ಎಂದ ಎಂಜಿನಿಯರ್.

ಮರುದಿನ ಚೀಲಗಳನ್ನು ಒಯ್ಯಲು ಲಾರಿ ಬಂತು. ಬಿಳಿ ಮೇಲಂಗಿ, ಮುಖವಾಡ, ಮೊಣಕೈವರೆಗೆ ಕೈಗವಸು ತೊಟ್ಟ ನಾಲ್ವರು ಇಳಿದು ಸುತ್ತ ಹಗ್ಗ ಕಟ್ಟಿದರು. ಅಕ್ಕ ಬರಿಗೈಯಲ್ಲಿ ಬಾಚಿ ತುಂಬಿದ್ದ ಚೀಲಗಳಿಗೆ ಎರಡೆರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ಮಲಗಿದ ಕೂಸನ್ನು ಎತ್ತುವಂತೆ ಎತ್ತಿ ಇಟ್ಟರು. ಕೆಲಸ ಹೋದ ಹೆಂಗಸರು ಹಗ್ಗದಾಚೆ ನಿಂತಿದ್ದರು. ಓದಿದೋಳು ನಮ್ಮ ಅನ್ನಕ್ಕೆ ಮಣ್ಣು ಹಾಕಿದಳು ಎಂದು ಒಬ್ಬಳು ಕೇಳುವ ಹಾಗೆಯೇ ಅಂದಳು. ತಂಗಿ ತಲೆ ತಗ್ಗಿಸಿದಳು. ಅದು ಸುಳ್ಳೆಂದು ಅವಳಿಗೂ ಅನ್ನಿಸಲಿಲ್ಲ.

ತಲೆ ಎತ್ತಿದಾಗ ಅಕ್ಕ ಪಕ್ಕದಲ್ಲಿರಲಿಲ್ಲ. ಹಗ್ಗ ದಾಟಿ, ಒಂದೇ ಕೈಯಲ್ಲಿ ಲಾರಿ ಹತ್ತಿ, ಚೀಲಗಳ ನಡುವೆ ಕಾಲು ಮಡಚಿ ಕೂತಿದ್ದಳು. ಮೇಸ್ತ್ರಿ ಬಾಯಿಗೆ ಬಂದಂತೆ ಬೈಯುತ್ತ ಓಡಿಬಂದ.

"ನಾನೂ ಇದೇ ಮಾಲು ಕಣೋ, ಸೂಳೆಮಗನೆ. ನನ್ನೂ ಸುತ್ತಿ ಕಟ್ಟು."

ಮುಖವಾಡದವನೊಬ್ಬ ಕಾಗದ ತೆಗೆದು ಬೆರಳಿಟ್ಟು ನೋಡಿದ. ಮೂವತ್ತು ಚೀಲ ಎಂದೇ ಇತ್ತು. ಅವಳನ್ನು ಮುಟ್ಟಿ ಇಳಿಸಲು ಆ ನಾಲ್ವರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಡ್ರೈವರ್ ಗಾಡಿ ಬಿಡಲೂ ಇಲ್ಲ, ಎಂಜಿನ್ ಆರಿಸಲೂ ಇಲ್ಲ. ಲಾರಿ ನಿಂತಲ್ಲೇ ನಡುಗುತ್ತಿತ್ತು. ಹಿಂಬದಿಯ ಹಲಗೆಯಾಚೆ ಇಳಿಬಿದ್ದ ಅಕ್ಕನ ಬಲಗೈಯೂ ಅದರ ಜೊತೆ ನಡುಗುತ್ತಿತ್ತು.