ಎಂಟು ಎಮ್ಮೆ ಮನೆಯವಳ ಹಾಲಿಲ್ಲದ ಅಡುಗೆ

ನನ್ನ ತವರುಮನೆಯಲ್ಲಿ ಎಂಟು ಎಮ್ಮೆಗಳಿದ್ದವು. ಗೋವೆಯ ಸಡಾದ ನಮ್ಮ ಓಣಿಯಲ್ಲಿ ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ರಮಜಾನಬಿ "ಹೂಂ, ಎಂಟು ಎಮ್ಮಿ" ಅಂದುಬಿಡುತ್ತಾಳೆ. ಇಂಥ ಮನೆತನದ ಮೊಮ್ಮಗಳಿಗೆ ಹಾಲು ಆಗಿಬರುವುದಿಲ್ಲ ಅಂದರೆ ನಂಬುವುದು ಹೇಗೆ?

ವಾಸ್ಕೋದ ಡಾಕ್ಟರರು ಹೇಳಿದ್ದನ್ನು ಸೊಸೆ ದ್ರಾಕ್ಷಾಯಿಣಿ ಬಂದು ಹೇಳಿದಳು. ಮೊಮ್ಮಗಳು ಅಶ್ವಿನಿಗೆ ಆಗ ನಾಲ್ಕು ವರ್ಷ ನಡೆದಿತ್ತು. ಹಾಲು ಬಾಯಿಗೆ ಬಿದ್ದರೆ ಕೂಸಿನ ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರಿನಲ್ಲಿ ಸಿಳ್ಳೆ ಕೇಳಿಸುತ್ತಿತ್ತು.

"ಹಾಲು, ಮೊಸರು, ಮಜ್ಜಿಗಿ, ಬೆಣ್ಣಿ, ತುಪ್ಪ, ಯಾವುದೂ ಒಂದ್ ಹನಿ ಸೈತ ಬ್ಯಾಡಂದಾರ ಅತ್ತಿ."

"ತುಪ್ಪಾನೂ? ತುಪ್ಪ ಬೆಂಕ್ಯಾಗ ಕಾದದ್ದಲ್ಲೇನ? ಬೆಂಕಿ ಕಂಡದ್ದಕ್ಕ ಎಲ್ಲೀ ದೋಷ?"

"ಅದನ್ನ ಡಾಕ್ಟರಿಗೆ ನೀವ ಹೋಗಿ ಹೇಳ್ರಿ."

ನಾನು ಹೋಗಲಿಲ್ಲ. ಎರಡನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವಳು ನಾನು. ಎಮ್ಮೆಯ ಹತ್ತಿರ ಬೇಕಾದಷ್ಟು ಮಾತಾಡಿಯೇನು, ಡಾಕ್ಟರರ ಹತ್ತಿರ ಆಗದು.

ಅವತ್ತಿನಿಂದ ಮನೆಗೆ ಹಾಲು ಬರುವುದು ನಿಂತಿತು. ನಾನು ಏನನ್ನಾದರೂ ಹಿಡಿದರೆ ಅತಿಯಾಗಿಯೇ ಹಿಡಿಯುವವಳು. ಸೈಕಲ್ಲಿನ ಮೇಲೆ ಪಾವ್ ತರುವವನನ್ನು ತಡೆದು, ನನಗೆ ಬರುವ ಅರ್ಧಮರ್ಧ ಕೊಂಕಣಿಯಲ್ಲಿ, ಅದರ ಹಿಟ್ಟಿಗೆ ಹಾಲು ಹಾಕುತ್ತೀರಾ ಎಂದು ದಿನಾಲೂ ವಿಚಾರಣೆ ಮಾಡಿದೆ. ಅವನು "ನಾ ಗೋ ಮಾಯ್, ದೂಧ್ ನಾ" ಎಂದು ಕೈಮುಗಿದು, ಕೊನೆಗೆ ನಮ್ಮ ಓಣಿಗೆ ಬರುವುದನ್ನೇ ಬಿಟ್ಟ. ರಮಜಾನಬಿಯ ಆಡು ನಮ್ಮ ಬಾಗಿಲಿಗೆ ಬರಬಾರದೆಂದು ಜಗಳ ತೆಗೆದೆ.

"ನಮ್ಮ ಆಡೇನು ಹಾಲು ಕೊಡಾಕ ನಿಮ್ಮ ಮನಿಗೆ ಬರತೈತೇನ ಹನುಮವ್ವಕ್ಕಾ? ಅದು ಹೋತ ಐತಿ!" ಅಂದಳು. "ಎಂಟು ಎಮ್ಮಿ ಮನ್ಯಾಕಿ, ಗಂಡು ಹೆಣ್ಣು ಗುರ್ತು ಹತ್ತಲಿಲ್ಲೇನು?"

ಅಡುಗೆಯಲ್ಲೂ ನನ್ನ ಪ್ರತಾಪ ಕಡಿಮೆಯದಲ್ಲ. ಗೋವೆಯಲ್ಲಿ ತೆಂಗಿನಕಾಯಿಗೇನು ಬರ? ಕಾಯಿಹಾಲು ತೆಗೆದು, ಅದಕ್ಕೆ ಹುಣಸೆಹುಳಿ ಹಿಂಡಿ, ಸಾಸಿವೆ ಕರಿಬೇವು ಒಗ್ಗರಿಸಿ ಮಜ್ಜಿಗೆ ಮಾಡಿದೆ. ಬಂದರಿನಲ್ಲಿ ಮೂಟೆ ಹೊತ್ತು ಬಂದ ಮಗ ಗುರುಲಿಂಗ ಒಂದು ಗುಟುಕು ಕುಡಿದು, ಲೋಟವನ್ನು ತಿರುಗಿಸಿ ನೋಡಿ, "ಅವ್ವಾ, ಇದು ಯಾವ ಎಮ್ಮೀದು?" ಎಂದ.

ಇಷ್ಟಾದರೂ ಅಶ್ವಿನಿಯ ತುಟಿ ಮತ್ತೆ ಊದಿತು. ಒಂದು ಸಲವಲ್ಲ, ಎರಡು ಸಲ. ಮನೆಯಲ್ಲಿ ಹಾಲಿಲ್ಲ, ಮೊಸರಿಲ್ಲ. ಹಾಗಾದರೆ ಎಲ್ಲಿಂದ? ಸೊಸೆ ನನ್ನನ್ನು ನೋಡುವ ಬಗೆ ಬದಲಾಯಿತು.

"ಅತ್ತಿ, ಖರೇ ಹೇಳ್ರಿ. ಕೂಸಿಗೆ ಕದ್ದು ತುಪ್ಪ ತಿನಸ್ತೀರೇನು?"

"ನನ್ನ ಮಗನ ಆಣಿ, ಇಲ್ಲ."

"ಅವರ ಆಣಿ ಬ್ಯಾಡ್ರಿ. ತುಪ್ಪದ ಆಣಿ ಮಾಡ್ರಿ, ನಂಬತೀನಿ."

ಅವಳಿಗೆ ಸಿಟ್ಟು ಬರಲು ಕಾರಣವಿತ್ತು. ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಸೋಮವಾರದಿಂದ ಬಾ ಎಂದು ಅವಳನ್ನು ಕರೆದಿದ್ದರು. ಹತ್ತನೆಯ ಇಯತ್ತೆ ಪಾಸಾದವಳು, ಮದುವೆಯಾದಾಗಿನಿಂದ ಒಲೆಯ ಮುಂದೆಯೇ ಕೂತವಳು. ಕರೆ ಬಂದ ದಿನ ಅವಳು ಹಾಡಿಕೊಂಡು ಪಾತ್ರೆ ತಿಕ್ಕಿದ್ದನ್ನು ನಾನು ಕೇಳಿದ್ದೆ. ಆದರೆ ಅವಳು ಹೋದರೆ ಮುಂಜಾನೆಯಿಂದ ಸಂಜೆಯವರೆಗೆ ಕೂಸು ನನ್ನ ಕೈಯಲ್ಲಿ. ಆ ಕೈಯನ್ನೇ ಅವಳು ನಂಬುತ್ತಿರಲಿಲ್ಲ.

ಶನಿವಾರ ಮುಂಜಾನೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು. "ಇವತ್ತ ನೀವ ಅಡಿಗಿ ಮಾಡ್ರಿ. ನಾ ನೋಡ್ಕೋತ ಕುಂದರ್ತೀನಿ. ಎಲ್ಲಾ ಚಲೋ ಅನಿಸಿದ್ರ ಸೋಮವಾರ ಹೋಗ್ತೀನಿ. ಇಲ್ಲಾಂದ್ರ ಇಲ್ಲ."

ಮುಪ್ಪಿನಲ್ಲಿ ನನಗೆ ಪರೀಕ್ಷೆ ಬಂತು. ನಾನು ಸುಮ್ಮನೆ ಬೇಯಿಸಿದ್ದರೆ ಸಾಕಿತ್ತು. ಆದರೆ ಸಂತೆಯಲ್ಲಿ ಔಷಧಿ ಮಾರುವವನ ಹಾಗೆ ಪ್ರತಿ ಡಬ್ಬಿಯನ್ನೂ ಎತ್ತಿ ತೋರಿಸುತ್ತ ಹೋದೆ. "ಇದು ತೊಗರಿಬ್ಯಾಳಿ, ನೋಡು. ಇದು ಶೇಂಗಾಹಿಂಡಿ. ರೊಟ್ಟಿಗೆ ಬೆಣ್ಣಿ ಬದಲಿ ಎಣ್ಣಿ."

"ಕಾಣ್ತೈತಿ ಅತ್ತಿ, ಮಾಡ್ರಿ."

ಗುರುಲಿಂಗನಿಗೆ ಊಟಕ್ಕೆ ಬಾಳಕ ಇಲ್ಲದಿದ್ದರೆ ಆಗದು. ಬೇಸಿಗೆಯಲ್ಲಿ ನಾನೇ ಮಾಡಿಟ್ಟ ಒಣ ಮೆಣಸಿನಕಾಯಿ ಅದು. ನಾಲ್ಕು ಕರಿದು ತೆಗೆದೆ. ಉಳಿದ ಎಣ್ಣೆಯನ್ನು ಚೆಲ್ಲುವವಳು ನಾನಲ್ಲ. ಒಲೆಯ ಪಕ್ಕದ ಬಟ್ಟಲಲ್ಲಿ ಇಟ್ಟು ಮತ್ತೆ ಬಳಸುವುದು ಮೊದಲಿನಿಂದ ಬಂದ ರೂಢಿ. ಅವತ್ತು ಬಟ್ಟಲಿಗೂ ಹಾಕದೆ, ಕೂಸಿನ ಸಾರಿನ ಒಗ್ಗರಣೆಗೆಂದು ಅದೇ ಎಣ್ಣೆಗೆ ಸಾಸಿವೆ ಹಾಕಲು ಕೈ ಚಾಚಿದೆ. ಸೊಸೆಗೆ ಹೇಳುತ್ತಲೂ ಇದ್ದೆ: "ಬಾಳಕಾನೂ ನನ್ನ ಕೈಯಾಂದ. ಮೆಣಸಿನಕಾಯಿ ಸೀಳಿ, ಉಪ್ಪ ಹಾಕಿದ ಹುಳಿಮಜ್ಜಿಗ್ಯಾಗ ನೆನಸಿ, ಪತ್ರಾಸಿನ ತಗಡಿನ ಮ್ಯಾಲ ಒಣಗಿಸಿ, ಮತ್ತ ಮಜ್ಜಿಗ್ಯಾಗ ಹಾಕಿ…"

ಸಾಸಿವೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಸೊಸೆಗೆ ಏನೂ ಹೊಳೆದಿರಲಿಲ್ಲ. ನನ್ನ ಮಾತಿಗೆ ತಲೆದೂಗುವುದನ್ನು ಅವಳು ಎಂದೋ ಬಿಟ್ಟಿದ್ದಳು, ಕೇಳುವುದನ್ನೂ ಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡು ಎಣ್ಣೆ ಚೆಲ್ಲಿದ್ದರೆ ನಾನು ಪಾಸು. ಆದರೆ ಬಾಯಿ ಮುಚ್ಚಿಕೊಂಡು ಇದ್ದು ನನಗೆ ರೂಢಿಯಿಲ್ಲ.

"ದ್ರಾಕ್ಷಾಯಿಣಿ, ಕೂಸಿನ ತುಟಿ ಊದಿಸಿದ್ದು ಈ ಎಣ್ಣಿ ನೋಡು. ಬಾಳಕದಾಗಿನ ಮಜ್ಜಿಗಿ, ಹಾಲು ಬಿಡೂ ಮೊದಲ ಹಾಕಿದ್ದು."

ಅವಳು ಎದ್ದು ಬಂದು ಕಡಾಯಿಯನ್ನು ಬಗ್ಗಿ ನೋಡಿದಳು. ಬೈಗುಳಕ್ಕೆ ನಾನು ಸೆರಗು ಹೊದ್ದು ತಯಾರಾಗಿ ನಿಂತೆ. ಅವಳು ಬೈಯಲಿಲ್ಲ. ಮುಖ ಬಿಳಿಚಿಕೊಂಡಿತು.

"ಹೋದ ಐತವಾರ ಕೂಸಿನ ಉಪ್ಪಿಟ್ಟಿಗೆ ಆ ಬಟ್ಟಲದಾನ ಎಣ್ಣಿ ಹಾಕಿದಾಕಿ ನಾನ ಅತ್ತಿ. ಅವತ್ತ ಊದಿದ್ದು ನನ್ನ ಕೈಲೆ."

ತಿನ್ನಿಸದ ತುಪ್ಪಕ್ಕೆ ಬೈಸಿಕೊಂಡ ನಾನು ಆಗ ನಾಲ್ಕು ಮಾತು ಆಡಬಹುದಿತ್ತು. ಎರಡು ನಾಲಿಗೆಯ ತುದಿಗೂ ಬಂದಿದ್ದವು. ಅವಳ ಕಣ್ಣು ನೋಡಿ ನುಂಗಿದೆ.

"ಸೋಮವಾರ ಹೋಗೂದಿಲ್ಲೇನ ಹಂಗಾರ?" ಎಂದು ಕೇಳಿದೆ.

"ನಾ ಮನ್ಯಾಗ ಇದ್ದಾಗೂ ಊದೇತಿ. ನಾ ಕಾವಲು ಕುಂತು ಏನ ಆತು? ನಿಮ್ಮ ಕೈಯರ ಎಣ್ಣಿ ಮ್ಯಾಲ ನಿಂತಿತು. ನನ್ನ ಕೈ ಅದೂ ನಿಂದರಲಿಲ್ಲ." ಕಡಾಯಿಯ ಎಣ್ಣೆಯನ್ನು ತಾನೇ ಹೊರಗೆ ಚೆಲ್ಲಿ ಬಂದಳು. "ಹೋಗ್ತೀನಿ. ಆ ಬಾಳಕದ ಡಬ್ಬಿ ಮಾತ್ರ ಮನ್ಯಾಗ ಇರಬಾರದು."

ಮಧ್ಯಾಹ್ನ ಗುರುಲಿಂಗ ತಾಟಿನ ಮುಂದೆ ಕೂತು, "ಬಾಳಕ ಎಲ್ಲೈತಿ?" ಎಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದೆವು. ಅವನು ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಸದ್ದಿಲ್ಲದೆ ಉಂಡ.

ಸೋಮವಾರ ಸೊಸೆ ಬಸ್ಸಿಗೆ ಹೋದಳು. ಆಮೇಲೆ ನನ್ನ ಧೈರ್ಯ ಏನಾಯಿತೆಂದು ಕೇಳಬೇಡಿ. ಹೊಸ ಕಡಾಯಿ, ಹೊಸ ಎಣ್ಣೆ ಪಾಕೀಟು. ಆದರೂ ಸಾಸಿವೆಯ ಒಂದೊಂದು ಕಾಳನ್ನೂ ಕಳ್ಳನನ್ನು ನೋಡುವಂತೆ ನೋಡಿದೆ. ಅರಿಶಿನ ಮೂಸಿದೆ. ಬೇಳೆಯನ್ನು ತೊಳೆದದ್ದೇ ತೊಳೆದದ್ದು. ಅಶ್ವಿನಿ, "ಆಯೀ, ಹಸಿವಿ ಆಗೇತಿ" ಎಂದು ಸೆರಗು ಜಗ್ಗುವವರೆಗೂ ಒಲೆ ಹಚ್ಚಲು ಕೈ ಬರಲಿಲ್ಲ.

ಸಂಜೆ ದ್ರಾಕ್ಷಾಯಿಣಿ ಚಪ್ಪಲಿ ಬಿಡುವ ಮೊದಲೇ ಕೂಸಿನ ಗದ್ದ ಹಿಡಿದು ಬೆಳಕಿಗೆ ಎತ್ತಿ ತುಟಿ ನೋಡಿದಳು. ಅಂಗಿ ಎತ್ತಿ ಬೆನ್ನು ನೋಡಿದಳು. ಏನೂ ಇರಲಿಲ್ಲ. ಆಮೇಲೆ ಕೈಕಾಲು ತೊಳೆದು ಉಣ್ಣಲು ಕೂತಳು. ಒಂದು ತುತ್ತು ತಿಂದು ತಡೆದಳು.

"ಅತ್ತಿ, ಸಾರಿಗೆ ಉಪ್ಪು?"

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ.

"ಉಪ್ಪಿನ ಮ್ಯಾಲೂ ಸಂಶೆ ಬಂತೇನ್ರಿ?" ಎಂದು ಅವಳು ನಕ್ಕಳು. ಚಿಟಿಕೆ ಉಪ್ಪು ಉದುರಿಸಿಕೊಂಡು ಕಲಸುತ್ತ, "ನಾಳೆ ಏಳರ ಬಸ್ಸಿಗೆ ಹೋಗಬೇಕ್ರಿ, ಲಗೂನ ಎಬ್ಬಸ್ರಿ" ಎಂದಳು.